ನೆದರ್‌ಲ್ಯಾಂಡ್ಸ್‌ನಲ್ಲಿ ಹಳೆಯ ಸಾಲುಮನೆ ಕೊಳ್ಳುವಾಗ: ಬಡಾವಣೆಯಿಂದ ಬೀಗದ ಕೈವರೆಗೆ

ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್, ಹೇಗ್ ಸುತ್ತಮುತ್ತ ಕೆಲಸಕ್ಕೆ ಬಂದ ಕನ್ನಡ ಕುಟುಂಬಗಳು ಮಕ್ಕಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಸ್ವಂತ ಮನೆಯ ಯೋಚನೆ ಶುರುಮಾಡುತ್ತವೆ. ಸಣ್ಣ ಹಿತ್ತಲು, ಮೇಲೆ ಮೂರು ಕೋಣೆ, ಅದರ ಮೇಲೊಂದು ಅಟ್ಟ, ಮುಂದೆ ಮಕ್ಕಳು ಸೈಕಲ್ ಹೊಡೆಯಬಹುದಾದ ಬೀದಿ ಬೇಕೆಂದರೆ ಸಿಗುವುದು ಹೆಚ್ಚಾಗಿ 1930ರಿಂದ 1975ರ ನಡುವೆ ಕಟ್ಟಿದ ಇಟ್ಟಿಗೆಯ ಸಾಲುಮನೆಗಳೇ. ಜಾಹೀರಾತಿನಲ್ಲಿ ಸಾಲಿನ ನಡುವಿನ ಮನೆಗೆ ತುಸ್ಸೆನ್‌ವೋನಿಂಗ್ ಎಂದೂ ತುದಿಯ ಮನೆಗೆ ಹುಕ್‌ವೋನಿಂಗ್ ಎಂದೂ ಬರೆದಿರುತ್ತದೆ. ತುದಿಯ ಮನೆಗೆ ಬೆಳಕು ಹೆಚ್ಚು, ಆದರೆ ಚಳಿಗಾಳಿಗೆ ಒಡ್ಡಿಕೊಂಡ ಗೋಡೆಯೂ ಒಂದು ಹೆಚ್ಚು.

ಮನೆ ತೋರಿಸಲು ನಿಮಗೆ ಕೊಡುವುದು ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ. ಹೊಸ ಬಣ್ಣ, ಹೊಸ ಅಡುಗೆಮನೆ ತಕ್ಷಣ ಕಣ್ಣಿಗೆ ಬೀಳುತ್ತವೆ. ದುಡ್ಡು ತಿನ್ನುವ ಸಂಗತಿಗಳೆಲ್ಲ ನೆಲದ ಕೆಳಗೆ, ಗೋಡೆಯ ಒಳಗೆ, ಕಾಗದಪತ್ರದ ನಡುವೆ ಇರುತ್ತವೆ. ಗೊತ್ತಿರುವ ದೋಷವನ್ನು ಹೇಳುವ ಹೊಣೆ ಮಾರುವವರದು, ವಿಚಾರಿಸಿ ತಿಳಿದುಕೊಳ್ಳುವ ಹೊಣೆ ಕೊಳ್ಳುವವರದು. ಡಚ್ ಕಾನೂನು ಎರಡನ್ನೂ ಹೇಳುತ್ತದೆ. ಹಾಗಾಗಿ ಬೆಲೆ ಕೂಗುವುದಕ್ಕೆ ಮೊದಲೇ ಮಣ್ಣು, ಮನೆ, ಕಾಗದ ಈ ಮೂರನ್ನೂ ನೋಡಿ ಮುಗಿಸಿ. ಇಲ್ಲಿನ ತೆರಿಗೆ ಮತ್ತು ಸಾಲದ ಮಿತಿಗಳು 2026ರವು.

ಬಡಾವಣೆ ನೋಡುವುದು

ಒಂದೇ ಬೀದಿಗೆ ಮೂರು ಹೊತ್ತಿನಲ್ಲಿ ಹೋಗಿ: ವಾರದ ದಿನ ಬೆಳಿಗ್ಗೆ ಎಂಟೂವರೆಗೆ ಶಾಲೆಗೆ ಬಿಡುವ ಹೊತ್ತು, ಸಂಜೆ ಏಳರ ಮೇಲೆ, ಮತ್ತೆ ಭಾನುವಾರ ಮಧ್ಯಾಹ್ನ. ಬೀದಿಯ ತುದಿಯಲ್ಲಿ ಮನೆ ಮತ್ತು ಆಡುವ ಮಗುವಿನ ಚಿತ್ರವಿರುವ ನೀಲಿ ಫಲಕ ಕಂಡರೆ ಅದು ವೋನ್‌ಎರ್ಫ್, ಅಲ್ಲಿ ವಾಹನದ ವೇಗ ಗಂಟೆಗೆ 15 ಕಿಲೋಮೀಟರ್ ದಾಟುವಂತಿಲ್ಲ. ಉಳಿದ ವಸತಿ ಬೀದಿಗಳಲ್ಲಿ ಸಾಮಾನ್ಯವಾಗಿ 30. ಸಂಜೆ ಕಾರು ನಿಲ್ಲಿಸಲು ಜಾಗ ಸಿಗುತ್ತದೆಯೇ, ಪರ್ಮಿಟ್ ಬೇಕೇ, ಎರಡನೆಯ ಕಾರಿಗೂ ಕೊಡುತ್ತಾರೆಯೇ ಎಂದು ಪುರಸಭೆಯ ಜಾಲತಾಣದಲ್ಲಿ ನೋಡಿಕೊಳ್ಳಿ.

ಒಂದು ಸಂಜೆ ಸದ್ದಿಲ್ಲದೆ ಇದ್ದ ಮಾತ್ರಕ್ಕೆ ಬೀದಿ ನಿಶ್ಶಬ್ದ ಎಂದುಕೊಳ್ಳಬೇಡಿ. ಸ್ಕಿಪೋಲ್ ವಿಮಾನ ನಿಲ್ದಾಣ ಯಾವ ರನ್‌ವೇ ಬಳಸುತ್ತದೆ ಎಂಬುದು ಗಾಳಿಯನ್ನು ಅವಲಂಬಿಸಿದೆ. ಬೌಟೆನ್‌ವೆಲ್ಡರ್ಟ್ ರನ್‌ವೇ ಬಳಕೆಯಲ್ಲಿರುವ ದಿನ ಆಮ್‌ಸ್ಟೆಲ್‌ವೇನ್‌ನ ಉತ್ತರ ಭಾಗದಲ್ಲಿ ಹಿತ್ತಲಲ್ಲಿ ಕೂತು ಮಾತಾಡುವುದು ಕಷ್ಟ, ಮರುದಿನ ಒಂದು ವಿಮಾನವೂ ಕಾಣದೇ ಇರಬಹುದು. ಸರ್ಕಾರದ ಅಟ್ಲಾಸ್ ಲೇಫ್‌ಓಮ್‌ಗೇವಿಂಗ್ ಎಂಬ ನಕ್ಷೆಯಲ್ಲಿ ರಸ್ತೆ, ರೈಲು, ವಿಮಾನದ ಸದ್ದು ವಿಳಾಸವಾರು ಸಿಗುತ್ತದೆ. ಬಡಾವಣೆಯ ಒಟ್ಟಾರೆ ವಾಸಯೋಗ್ಯತೆಗೆ ಲೇಫ್‌ಬಾರೋಮೀಟರ್ ನೋಡಿ.

ಮಕ್ಕಳು ನಾಲ್ಕು ತುಂಬಿದ ಮೇಲೆ ಶಾಲೆಗೆ ಹೋಗಬಹುದು, ಐದಕ್ಕೆ ಕಡ್ಡಾಯ. ಆಮ್‌ಸ್ಟರ್‌ಡಾಮ್‌ನಲ್ಲಿ ಮನೆಗೆ ಹತ್ತಿರದ ಶಾಲೆಗಳಲ್ಲಿ ಆದ್ಯತೆ ಸಿಗುತ್ತದೆ. ಬೇರೆ ಎಷ್ಟೋ ಊರುಗಳಲ್ಲಿ ನೇರ ಶಾಲೆಗೇ ಅರ್ಜಿ ಹಾಕಬೇಕು. ಬೇಡಿಕೆಯ ಶಾಲೆಗಳಲ್ಲಿ ಕಾಯುವ ಪಟ್ಟಿ ಇರುತ್ತದೆ. ‘ಹತ್ತಿರದಲ್ಲೇ ಒಳ್ಳೆಯ ಶಾಲೆ’ ಎಂದು ಜಾಹೀರಾತಿನಲ್ಲಿ ಬರೆದಿದ್ದರೂ ಆ ಶಾಲೆಗೆ ಫೋನ್ ಮಾಡಿ ನಿಮ್ಮ ಮಗುವಿನ ವಯಸ್ಸಿಗೆ ಸೀಟು ಇದೆಯೇ ಎಂದು ಕೇಳಿಯೇ ಮುಂದುವರಿಯಿರಿ.

ಕಾಲಡಿಯ ಮಣ್ಣು

ಇದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕು. ದೇಶದ ಪಶ್ಚಿಮ ಭಾಗ ಮೆತ್ತನೆಯ ಜವುಗು ಮಣ್ಣು ಮತ್ತು ಜೇಡಿಮಣ್ಣಿನ ಮೇಲೆ ನಿಂತಿದೆ. ಅಲ್ಲಿನ ಹಳೆಯ ಮನೆಗಳನ್ನು ಆಳದ ಗಟ್ಟಿ ಮರಳಿನ ಪದರದವರೆಗೆ ಹೊಡೆದ ಮರದ ಕಂಬಗಳ ಮೇಲೆ ಕಟ್ಟಿದ್ದಾರೆ. ಕಂಬದ ತಲೆ ಸದಾ ಅಂತರ್ಜಲದಲ್ಲಿ ಮುಳುಗಿದ್ದರೆ ಮರ ನೂರಾರು ವರ್ಷ ಬಾಳುತ್ತದೆ. ನೀರಿನ ಮಟ್ಟ ಇಳಿದು ತಲೆಗೆ ಗಾಳಿ ತಾಗಿತೋ, ಶಿಲೀಂಧ್ರ ಹಿಡಿದು ಕೊಳೆಯಲು ಶುರು. ಪೈನ್ ಮರದ ಕಂಬವಾದರೆ ನೀರಿನೊಳಗಿದ್ದರೂ ಬ್ಯಾಕ್ಟೀರಿಯಾ ತಿನ್ನುವುದುಂಟು. ರೋಟರ್‌ಡಾಮ್, ಜಾಂಡಾಮ್, ಗೌಡಾ, ಹಾರ್ಲೆಮ್‌ನ ಕೆಲವು ಭಾಗಗಳು ಇದಕ್ಕೆ ಹೆಸರುವಾಸಿ. ಕಂಬವೇ ಇಲ್ಲದೆ ನೇರ ಜೇಡಿಮಣ್ಣಿನ ಮೇಲೆ ಕಟ್ಟಿದ ಮನೆಗಳೂ ಇವೆ, ಬರದ ಬೇಸಿಗೆಯಲ್ಲಿ ಮಣ್ಣು ಕುಗ್ಗಿದಾಗ ಅವು ಒಂದೊಂದು ಕಡೆ ಒಂದೊಂದು ರೀತಿ ಕೂರುತ್ತವೆ. ಐಂಡ್‌ಹೋವನ್ ಕಡೆ ಮರಳು ನೆಲ, ಈ ಚಿಂತೆ ಬಹುಮಟ್ಟಿಗೆ ಇಲ್ಲ.

1970ಕ್ಕಿಂತ ಹಿಂದಿನ ಮನೆಯಾಗಿದ್ದು ಪಶ್ಚಿಮದಲ್ಲಿದ್ದರೆ, ಒಳಗೆ ಹೋಗುವ ಮೊದಲು ಬೀದಿಯ ಆಚೆ ಬದಿಗೆ ನಿಂತು ಇಡೀ ಸಾಲನ್ನು ನೋಡಿ. ಇಟ್ಟಿಗೆಗಳ ನಡುವಿನ ಗಾರೆಯ ಅಡ್ಡಗೆರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಸಾಗುತ್ತದೆಯೇ, ನಡುವೆ ಎಲ್ಲಾದರೂ ತಗ್ಗುತ್ತದೆಯೇ? ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಓರೆಯಾಗಿ ಏರುವ ಬಿರುಕಿದೆಯೇ? ಒಳಗೆ ಹೋದ ಮೇಲೆ ಬಾಗಿಲುಗಳ ಮೇಲಂಚು ನೋಡಿ. ಓರೆಯಾಗಿ ಕೆತ್ತಿ ಕೂರಿಸಿದ್ದರೆ ಚೌಕಟ್ಟು ವಾಲಿದೆ ಎಂದರ್ಥ. ಗೋಲಿಯೊಂದನ್ನು ನೆಲದ ಮೇಲೆ ಬಿಟ್ಟರೆ ವಾಲಿದ ದಿಕ್ಕು ತಿಳಿಯುತ್ತದೆ.

ಪಾಯದ ನಕ್ಷೆ ಪುರಸಭೆಯ ಕಟ್ಟಡ ದಾಖಲೆಗಳಲ್ಲಿ ಸಿಗುತ್ತದೆ. ಅದೇ ಸಾಲಿನಲ್ಲಿ ಯಾರಾದರೂ ಪಾಯ ದುರಸ್ತಿ ಮಾಡಿಸಿದ್ದಾರೆಯೇ ಎಂದು ನೆರೆಯವರನ್ನೇ ಕೇಳಿ, ಡಚ್ಚರು ಇಂಥ ಪ್ರಶ್ನೆಗೆ ಮುಚ್ಚುಮರೆ ಇಲ್ಲದೆ ಉತ್ತರಿಸುತ್ತಾರೆ. ನಡುಗೋಡೆ ಇಬ್ಬರಿಗೂ ಸೇರಿದ್ದರಿಂದ ದುರಸ್ತಿ ಒಬ್ಬರಿಂದ ಆಗುವ ಕೆಲಸವಲ್ಲ, ಪಕ್ಕದವರೂ ಒಪ್ಪಿ ದುಡ್ಡು ಹಾಕಬೇಕು. ಒಂದು ಮನೆಗೆ ತಗಲುವ ವೆಚ್ಚ ಒಂದು ಲಕ್ಷ ಯೂರೋ ದಾಟುವುದೂ ಉಂಟು, ಸಾಮಾನ್ಯ ಗೃಹವಿಮೆ ಇದನ್ನು ಭರಿಸುವುದಿಲ್ಲ. ಬ್ಯಾಂಕಿಗೆ ಬೇಕಾದ ಮೌಲ್ಯಮಾಪನ ವರದಿಯಲ್ಲಿ ಈಗ ‘ಎ’ಯಿಂದ ‘ಇ’ವರೆಗೆ ಪಾಯದ ಅಪಾಯದ ದರ್ಜೆ ಬರೆದಿರುತ್ತದೆ. ಅದು ಪ್ರದೇಶದ ಮಾಹಿತಿಯಿಂದ ಅಂದಾಜಿಸಿದ್ದು, ನಿಮ್ಮ ಮನೆಯ ಕಂಬವನ್ನು ಯಾರೂ ಅಗೆದು ನೋಡಿರುವುದಿಲ್ಲ. ಮೇಲಾಗಿ ಆ ವರದಿ ಕೈಗೆ ಬರುವುದು ಬೆಲೆ ಒಪ್ಪಿದ ಮೇಲೆ.

ಕಂಬದ ಮೇಲಿನ ಮನೆ ನಿಂತಲ್ಲೇ ನಿಂತು ಹಿತ್ತಲು ಮಾತ್ರ ಕುಸಿಯುತ್ತಾ ಹೋದರೆ ಗೋಡೆ ದಾಟುವ ಜಾಗದಲ್ಲಿ ಒಳಚರಂಡಿಯ ಪೈಪು ಮುರಿಯುತ್ತದೆ. ಹಿಂಬಾಗಿಲಿನ ಹೊಸ್ತಿಲಿಗೂ ಹಿತ್ತಲಿನ ಕಲ್ಲುಹಾಸಿಗೂ ಎರಡು ಮೆಟ್ಟಿಲಷ್ಟು ಅಂತರ ಕಂಡರೆ ಪೈಪಿನ ವಿಷಯ ಕೇಳಲೇಬೇಕು.

ಮುಂಬಾಗಿಲ ಕಾಲೊರಸಿನ ಕೆಳಗೆ

ನೆಲದಡಿಯ ಖಾಲಿ ಜಾಗಕ್ಕೆ ಇಳಿಯುವ ಮುಚ್ಚಳ ಸಾಮಾನ್ಯವಾಗಿ ಮುಂಬಾಗಿಲ ಒಳಗೆ, ಕಾಲೊರಸಿನ ಅಡಿಯಲ್ಲೇ ಇರುತ್ತದೆ. ಎತ್ತಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಟಾರ್ಚ್ ಬಿಟ್ಟು ನೋಡಿ: ಮರಳು ಒಣಗಿದೆಯೇ, ನೀರು ನಿಂತಿದೆಯೇ, ಮುಗ್ಗಲು ವಾಸನೆ ಬರುತ್ತದೆಯೇ? ಮೂವತ್ತರ ದಶಕದ ಮನೆಯಲ್ಲಿ ನೆಲವನ್ನು ಹೊರುವುದು ಮರದ ತೊಲೆಗಳು. ಅವುಗಳ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಮರ ಗಟ್ಟಿಯಾಗಿರಬೇಕು, ಮೆತ್ತಗೆ ಒಳಗಿಳಿದರೆ ಕೊಳೆತಿದೆ. ಹೊರಗೋಡೆಯ ಗಾಳಿಕಂಡಿಗಳನ್ನು ಯಾರೋ ಸಿಮೆಂಟಿನಿಂದ ಮುಚ್ಚಿದ್ದರೆ ಕಾರಣ ಅಲ್ಲೇ ಸಿಕ್ಕಂತೆ.

ಸುಮಾರು 1965ರಿಂದ 1981ರ ನಡುವಿನ ಮನೆಯಾದರೆ ಕ್ವಾಯ್‌ಟಾಲ್ ಮತ್ತು ಮಾಂಟಾ ಎಂಬ ಎರಡು ಹೆಸರು ನೆನಪಿಡಿ. ಇವು ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದ ಕಾಂಕ್ರೀಟ್ ನೆಲಗಳು. ಕಾಂಕ್ರೀಟ್ ಬೇಗ ಗಟ್ಟಿಯಾಗಲೆಂದು ಬೆರೆಸಿದ ಕ್ಯಾಲ್ಸಿಯಂ ಕ್ಲೋರೈಡ್ ತೇವ ಸೇರಿದಾಗ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ. ತೊಲೆಯ ಉದ್ದಕ್ಕೂ ಸಾಗುವ ಬಿರುಕು, ಕಂದು ಕಲೆ, ಕೆಳಗೆ ಬಿದ್ದ ಚೂರುಗಳು ಅದರ ಗುರುತು. ಮುಚ್ಚಳದಿಂದ ಕಾಣುವುದು ಮೊದಲ ಒಂದೆರಡು ಮೀಟರ್ ಮಾತ್ರ, ಹಾಗಾಗಿ ಈ ಕಾಲದ ಮನೆಗೆ ತಜ್ಞರನ್ನೇ ಒಳಗೆ ತೆವಳಿಸಬೇಕು. ಆ ಜಾಗದ ಎತ್ತರ 35 ಸೆಂಟಿಮೀಟರಿಗಿಂತ ಕಡಿಮೆಯಾದರೆ ಪರೀಕ್ಷೆಯೂ ಕಷ್ಟ, ಮುಂದೆ ಶಾಖನಿರೋಧಕ ಹಾಕಿಸುವುದೂ ಕಷ್ಟ.

ಮೇಲಿನ ಮನೆ

ಅಟ್ಟದಲ್ಲಿ ಚಿಮಣಿಯ ಸುತ್ತ ಮತ್ತು ಚಾವಣಿಯ ಕಿಟಕಿಯ ಕೆಳಗೆ ಕಂದು ನೀರುಗೆರೆ ಹುಡುಕಿ. ಹಿಂಬದಿಗೆ ವಿಸ್ತರಿಸಿದ ಕೋಣೆಯ ಚಪ್ಪಟೆ ಚಾವಣಿಗೆ ಟಾರು ಹಾಳೆ ಹಾಕಿರುತ್ತಾರೆ. ಅದರ ಆಯುಸ್ಸು ಇಪ್ಪತ್ತರಿಂದ ಮೂವತ್ತು ವರ್ಷ, ಹಾಕಿಸಿದ ವರ್ಷ ಕೇಳಿ.

ನೀರಿನ ಪೈಪು: 1960ಕ್ಕಿಂತ ಮೊದಲಿನ ಮನೆಗಳಲ್ಲಿ ಸೀಸದ್ದಿರಬಹುದು. ಮಂಕು ಬೂದು ಬಣ್ಣ, ತಟ್ಟಿದರೆ ಮೊದ್ದು ಸದ್ದು, ನಾಣ್ಯದಿಂದ ಗೀರಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇದನ್ನು ಬದಲಿಸದೆ ವಾಸಕ್ಕೆ ಹೋಗಬಾರದು. ಮೀಟರಿನಿಂದ ಈಚೆಗಿನ ಪೈಪಿನ ಖರ್ಚು ಮಾಲೀಕರದೇ.

ಆಸ್ಬೆಸ್ಟಾಸ್ ಬಳಕೆಗೆ ನಿಷೇಧ ಬಂದದ್ದು 1993ರಲ್ಲಿ. ಅದಕ್ಕೂ ಹಿಂದಿನ ಮನೆಯಲ್ಲಿ ಹಿತ್ತಲ ಶೆಡ್ಡಿನ ಅಲೆಯಲೆ ಶೀಟು, ಹಳೆಯ ಹೊಗೆಕೊಳವೆ, ಕಿಟಕಿಯ ಕೆಳಗಿನ ಹಲಗೆ, ಹಳೆಯ ವಿನೈಲ್ ನೆಲಹಾಸಿನ ಬೆನ್ನಿಗಿರುವ ಬೂದು ರಟ್ಟಿನಂಥ ಪದರ ಇವನ್ನು ಸಂಶಯದಿಂದಲೇ ನೋಡಿ. ನೆಲಹಾಸಿನ ಪದರ ಅತ್ಯಂತ ಅಪಾಯಕಾರಿ, ಎಳೆದು ಕಿತ್ತರೆ ನಾರು ಗಾಳಿಗೆ ಹಾರುತ್ತದೆ. ಸ್ಕ್ರೂ ಹಾಕಿ ಬಿಗಿದ ಶೀಟನ್ನು 35 ಚದರ ಮೀಟರಿನವರೆಗೆ ಮನೆಯವರೇ ತೆಗೆಯಲು ಅವಕಾಶವಿದೆ, ಆದರೆ ಮೊದಲು ಪುರಸಭೆಗೆ ತಿಳಿಸಬೇಕು.

ಮೀಟರ್ ಕಪಾಟು ತೆರೆದು ನೋಡಿ. ಹಳೆಯ ಮನೆಗಳಿಗೆ ಒಂದೇ ಫೇಸಿನ ಸಂಪರ್ಕ ಇರುತ್ತದೆ. ಇಂಡಕ್ಷನ್ ಒಲೆ, ಶಾಖ ಪಂಪ್, ಕಾರ್ ಚಾರ್ಜರ್ ಎಲ್ಲ ಬೇಕೆಂದರೆ 25 ಆಂಪಿಯರಿನ ಮೂರು ಫೇಸ್ ಬೇಕು. ಕೆಲವು ಊರುಗಳಲ್ಲಿ ವಿದ್ಯುತ್ ಜಾಲವೇ ತುಂಬಿಹೋಗಿ ಈ ಬದಲಾವಣೆಗೆ ಬಹಳ ಕಾಯಬೇಕಾಗಿದೆ. ಬಾಯ್ಲರಿನ ಮೇಲಿನ ಚೀಟಿಯಲ್ಲಿ ತಯಾರಾದ ವರ್ಷ ಇರುತ್ತದೆ, ಹದಿನೈದು ದಾಟಿದ್ದರೆ ಹೊಸದರ ದುಡ್ಡು ಎತ್ತಿಡಿ. ಬಾಯ್ಲರ್ ಬಾಡಿಗೆಯದಾದರೆ ಆ ಕರಾರು ಸಾಮಾನ್ಯವಾಗಿ ನಿಮಗೆ ವರ್ಗವಾಗುತ್ತದೆ. ಸೌರ ಫಲಕಗಳಿವೆ ಎಂದು ಹೆಚ್ಚು ಬೆಲೆ ಕೇಳಿದರೆ, ಜಾಲಕ್ಕೆ ಕೊಟ್ಟ ವಿದ್ಯುತ್ತನ್ನು ಬಳಸಿದ್ದರಲ್ಲಿ ಪೂರ್ತಿ ಕಳೆಯುವ ಪದ್ಧತಿ 2027ರ ಜನವರಿ 1ಕ್ಕೆ ನಿಲ್ಲುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ನಮ್ಮ ಅಡುಗೆಗೆ ಸಂಬಂಧಿಸಿದ್ದು ಎರಡು. ಒಲೆಯ ಮೇಲಿನ ಚಿಮಣಿ ಗಾಳಿಯನ್ನು ಹೊರಗೆ ದೂಡುತ್ತದೆಯೋ, ಇಲ್ಲ ಶೋಧಿಸಿ ಮತ್ತೆ ಒಳಗೇ ಬಿಡುತ್ತದೆಯೋ ನೋಡಿ. ಎರಡನೆಯ ಬಗೆಯಾದರೆ ಒಗ್ಗರಣೆಯ ಹೊಗೆ ತೆರೆದ ಅಡುಗೆಮನೆಯಿಂದ ಅಟ್ಟದವರೆಗೆ ಏರುತ್ತದೆ. ಇನ್ನೊಂದು, ನಡುಗೋಡೆ. ಎಂಬತ್ತರ ದಶಕಕ್ಕೆ ಮುಂಚಿನ ಸಾಲುಮನೆಗಳಲ್ಲಿ ಎರಡು ಮನೆಗಳ ನಡುವೆ ಬಹುಪಾಲು ಒಂದೇ ಗೋಡೆ. ಪಕ್ಕದವರು ಮೆಟ್ಟಿಲು ಹತ್ತುವ ಸದ್ದು ನಿಮಗೆ, ನಿಮ್ಮ ಬೆಳಗಿನ ಮಿಕ್ಸಿಯ ಸದ್ದು ಅವರಿಗೆ. ಮನೆ ನೋಡುವಾಗ ನಡುಗೋಡೆಯ ಪಕ್ಕ ಎರಡು ನಿಮಿಷ ಮಾತಿಲ್ಲದೆ ನಿಲ್ಲಿ.

ಕಾಗದಪತ್ರ

ಮಾರುವವರು ತುಂಬಿಕೊಟ್ಟ ಪ್ರಶ್ನಾವಳಿಯನ್ನು ಯಂತ್ರಾನುವಾದದಲ್ಲಾದರೂ ಸರಿ, ಪೂರ್ತಿ ಓದಿ. ‘ಗೊತ್ತಿಲ್ಲ’ ಎಂಬ ಉತ್ತರಗಳನ್ನೆಲ್ಲ ಗುರುತು ಹಾಕಿ ಮತ್ತೊಮ್ಮೆ ಬರವಣಿಗೆಯಲ್ಲಿ ಕೇಳಿ.

ನೆಲ ಸ್ವಂತದ್ದೋ, ಎರ್ಫ್‌ಪಾಖ್ಟ್ ಅಂದರೆ ಗೇಣಿಯದ್ದೋ? ಆಮ್‌ಸ್ಟರ್‌ಡಾಮ್ ಮತ್ತು ಹೇಗ್‌ನಲ್ಲಿ ಗೇಣಿ ನೆಲ ಸಾಮಾನ್ಯ. ಗೇಣಿಯಾದರೆ ವಾರ್ಷಿಕ ಮೊತ್ತ ಎಷ್ಟು, ಮುಂಗಡವಾಗಿ ಕಟ್ಟಿ ತೀರಿಸಿದ್ದರೆ ಯಾವ ವರ್ಷದವರೆಗೆ, ಆಮೇಲಿನ ಷರತ್ತೇನು ಎಂಬುದು ತಿಳಿಯದೆ ಬೆಲೆ ಹೇಳಬೇಡಿ. ಹಿತ್ತಲ ಹಿಂದಿನ ಓಣಿಯಲ್ಲಿ ಸೈಕಲ್ ಒಯ್ಯುವ ಹಕ್ಕು ಹಳೆಯ ಕ್ರಯಪತ್ರದಲ್ಲಿ ನಮೂದಾಗಿದೆಯೇ ನೋಡಿ. ಅಟ್ಟಕ್ಕೆ ಮುಂದೆ ಕಿಟಕಿಗೂಡು ಕಟ್ಟುವ ಆಸೆಯಿದ್ದರೆ ಸರ್ಕಾರದ ಓಮ್‌ಗೇವಿಂಗ್ಸ್‌ಲೊಕೆಟ್ ಜಾಲತಾಣದಲ್ಲಿ ವಿಳಾಸ ಹಾಕಿ ನೋಡಿ. ಹಿಂಬದಿಗೆ ಎಷ್ಟೋ ಸಲ ಪರವಾನಗಿ ಬೇಡ, ಸಂರಕ್ಷಿತ ಬಡಾವಣೆಯಾದರೆ ನಿಯಮ ಬಿಗಿ.

ಕರಾರಿನ ಕರಡಿನಲ್ಲಿ ‘ಔಡರ್‌ಡೋಮ್ಸ್‌ಕ್ಲೌಸುಲೆ’ ಎಂಬ ಕಲಮು ಹಳೆಯ ಮನೆಗಳಿಗೆ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಮನೆ ಹಳೆಯದು, ಹೊಸ ಮನೆಯ ಗುಣಮಟ್ಟ ನಿರೀಕ್ಷಿಸುವಂತಿಲ್ಲ ಎಂದು ಇದು ಹೇಳುತ್ತದೆ. ಆಸ್ಬೆಸ್ಟಾಸ್ ಕಲಮು ಬೇರೆ. ಮಾರುವವರು ಎಂದೂ ಆ ಮನೆಯಲ್ಲಿ ವಾಸಿಸಿಲ್ಲ ಎಂಬ ಕಲಮೂ ಇದ್ದರೆ ಪ್ರಶ್ನಾವಳಿಯ ಉತ್ತರಗಳಿಗೆ ಹೆಚ್ಚು ಬೆಲೆ ಕೊಡಬೇಡಿ. ಈ ಕಲಮುಗಳಿಗೆ ಸಹಿ ಹಾಕಿದ ಮೇಲೆ ಪರಿಹಾರ ಕೇಳುವ ದಾರಿ ಬಹಳ ಕಿರಿದಾಗುತ್ತದೆ.

ದುಡ್ಡಿನ ಲೆಕ್ಕ

ಬ್ಯಾಂಕು ಕೊಡುವ ಸಾಲ ಮನೆಯ ಮೌಲ್ಯಮಾಪನದ 100 ಶೇಕಡಾವರೆಗೆ, ಶಕ್ತಿ ಉಳಿಸುವ ಕೆಲಸಗಳಿಗಾದರೆ 106ರವರೆಗೆ. ನೀವು 5,10,000 ಯೂರೋಗೆ ಒಪ್ಪಿ ಮೌಲ್ಯಮಾಪನ 5,00,000 ಬಂದರೆ ಆ 10,000 ನಿಮ್ಮ ಕೈಯಿಂದ. ವರ್ಗಾವಣೆ ತೆರಿಗೆ 2 ಶೇಕಡಾ, ಅಂದರೆ 10,200. ಕೊಳ್ಳುವವರು 35ರ ಒಳಗಿನವರಾಗಿದ್ದು, ಮೊದಲ ಸಲ ಈ ವಿನಾಯಿತಿ ಬಳಸುತ್ತಿದ್ದು, ಅಲ್ಲೇ ವಾಸಿಸುವವರಾಗಿದ್ದು, ಮನೆಯ ಮೌಲ್ಯ 5,55,000 ದಾಟದಿದ್ದರೆ ತೆರಿಗೆ ಇಲ್ಲ. ಗಂಡಹೆಂಡತಿಯರಲ್ಲಿ ಒಬ್ಬರಿಗೆ 36 ಆಗಿದ್ದರೆ ಅವರ ಅರ್ಧ ಪಾಲಿಗೆ ಮಾತ್ರ 5,100. ಮಿತಿಯನ್ನು ಒಂದು ಯೂರೋ ದಾಟಿದರೂ ವಿನಾಯಿತಿ ಪೂರ್ತಿ ಹೋಗುತ್ತದೆ, ಹಾಗಾಗಿ ಬೆಲೆ ಕೂಗುವಾಗ ಈ ಅಂಕಿ ತಲೆಯಲ್ಲಿರಲಿ.

ಇದರ ಮೇಲೆ ಸಾಲ ಸಲಹೆಗಾರರಿಗೆ 2,000ದಿಂದ 3,500, ನೋಟರಿಗೆ 1,200ರಿಂದ 2,000, ಮೌಲ್ಯಮಾಪನಕ್ಕೆ 600ರಿಂದ 1,000, ಕಟ್ಟಡ ಪರೀಕ್ಷೆಗೆ 350ರಿಂದ 600, ನಿಮ್ಮ ಪರವಾದ ಮಾಕೆಲಾರ್ ಅಂದರೆ ಮನೆ ದಲ್ಲಾಳಿಗೆ 3,000ದಿಂದ 5,000 ಯೂರೋ ಹಿಡಿಯಿರಿ. ಸಾಲಕ್ಕೆ ಸಂಬಂಧಿಸಿದ ಸಲಹೆ, ಮೌಲ್ಯಮಾಪನ ಮತ್ತು ಅಡಮಾನ ಪತ್ರದ ನೋಟರಿ ಖರ್ಚನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ಕಳೆಯಬಹುದು. 4,70,000ವರೆಗಿನ ಮನೆಗೆ ಎನ್‌ಎಚ್‌ಜಿ ಎಂಬ ರಾಷ್ಟ್ರೀಯ ಗೃಹಸಾಲ ಖಾತರಿ ಸಿಗುತ್ತದೆ: ಸಾಲದ 0.4 ಶೇಕಡಾ ಶುಲ್ಕ, ಪ್ರತಿಯಾಗಿ ಬಡ್ಡಿ ಕಡಿಮೆ.

ಶಕ್ತಿ ದರ್ಜೆ ಇ, ಎಫ್ ಅಥವಾ ಜಿ ಇರುವ ಮನೆಗೆ ಶಾಖನಿರೋಧಕ ಕೆಲಸಕ್ಕೆಂದು ಆದಾಯದ ಮಿತಿ ಮೀರಿ 20,000ವರೆಗೆ ಹೆಚ್ಚುವರಿ ಸಾಲ ಸಿಗುತ್ತದೆ. ಅದನ್ನು ಬ್ಯಾಂಕು ಪ್ರತ್ಯೇಕ ಖಾತೆಯಲ್ಲಿಟ್ಟು ಬಿಲ್ಲು ತೋರಿಸಿದಂತೆ ಬಿಡುಗಡೆ ಮಾಡುತ್ತದೆ. 1920ರಿಂದ 1975ರ ನಡುವಿನ ಮನೆಗಳಿಗೆ ಎರಡು ಪದರದ ಗೋಡೆ, ನಡುವೆ ಖಾಲಿ ಸಂದು ಇರುತ್ತದೆ. ಅದನ್ನು ತುಂಬಿಸುವುದು ಅಗ್ಗದ ಕೆಲಸ, ಫಲ ದೊಡ್ಡದು.

ಹೊರದೇಶದಿಂದ ಕೆಲಸಕ್ಕೆ ಬಂದವರಿಗೆ ಸಿಗುವ 30 ಶೇಕಡಾ ತೆರಿಗೆ ರಿಯಾಯಿತಿ ಇರುವವರು ಅದು ಮುಗಿದ ಮೇಲಿನ ಸಂಬಳದಲ್ಲೂ ಕಂತು ಕಟ್ಟಬಹುದೇ ಎಂದು ಲೆಕ್ಕ ಹಾಕಿಯೇ ಸಾಲ ತೆಗೆಯಿರಿ. 2024ರಿಂದೀಚೆಗೆ ಅದನ್ನು ಪಡೆದವರಿಗೆ 2027ರಿಂದ ಅದು 27ಕ್ಕೆ ಇಳಿಯುತ್ತದೆ. ಊರಿನಿಂದ ಹಣ ತರುವುದಾದರೆ ಬ್ಯಾಂಕ್ ಮತ್ತು ನೋಟರಿ ಇಬ್ಬರೂ ಅದರ ಮೂಲ ಕೇಳುತ್ತಾರೆ. ಸೈಟು ಮಾರಿದ ಕ್ರಯಪತ್ರ, ಖಾತೆಯ ವಿವರ, ತೆರಿಗೆ ಕಟ್ಟಿದ ರಸೀದಿ ಮೊದಲೇ ಜೋಡಿಸಿಡಿ.

ಬೆಲೆ ಕೂಗುವುದು, ಸಹಿ ಹಾಕುವುದು

ಮನೆ ತೋರಿಸುವ ಮಾಕೆಲಾರ್ ಎಷ್ಟೇ ನಗುಮೊಗದವರಾದರೂ ಮಾರುವವರ ಕಡೆಯವರು. ನಿಮ್ಮ ಬಜೆಟ್ಟಿನ ಮೇಲ್ಮಿತಿಯನ್ನು ಅವರ ಮುಂದೆ ಬಾಯಿಬಿಡಬೇಡಿ. ಜಾಹೀರಾತಿನ ಬೆಲೆಯನ್ನೇ ಪೂರ್ತಿ ಕೊಡುತ್ತೇನೆಂದರೂ ಮಾರುವವರು ಒಪ್ಪಬೇಕೆಂದೇನಿಲ್ಲ. 2023ರಿಂದ ಪ್ರಮುಖ ಮಾಕೆಲಾರ್ ಸಂಘಗಳ ಸದಸ್ಯರು ಬಂದ ಬೆಲೆಗಳ ದಾಖಲೆ ಇಡಬೇಕು. ವ್ಯವಹಾರ ಮುಗಿದ ಮೇಲೆ ಕೇಳಿ ನೋಡಬಹುದು.

ಬೆಲೆಯ ಜೊತೆ ಎರಡು ಷರತ್ತು ಬರೆಯಿರಿ: ಸಾಲ ಸಿಗದಿದ್ದರೆ ಬಿಡುವ ಹಕ್ಕು (ಸುಮಾರು ಆರು ವಾರದ ಅವಧಿ), ಮತ್ತು ಪರೀಕ್ಷೆಯಲ್ಲಿ ತುರ್ತು ದುರಸ್ತಿಯ ವೆಚ್ಚ ಇಂತಿಷ್ಟು ಯೂರೋ ಮೀರಿದರೆ ಬಿಡುವ ಹಕ್ಕು. ಪೈಪೋಟಿ ಇದ್ದಾಗ ಎರಡನೆಯದನ್ನು ಕೈಬಿಡಿ ಎಂಬ ಒತ್ತಡ ಬರುತ್ತದೆ. ಕೈಬಿಡಲೇಬೇಕಾದರೆ ಬೆಲೆ ಕೂಗುವ ಮೊದಲೇ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿ. ನಾಲ್ಕೈದು ನೂರು ಯೂರೋ ಹೋದರೂ ಹೋಗಲಿ, ಹಳೆಯ ಮನೆಯನ್ನು ಯಾರೂ ಪರೀಕ್ಷಿಸದೆ ಕೊಳ್ಳಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಾಮಾನ್ಯ ಪರೀಕ್ಷೆಯಲ್ಲಿ ಪಾಯದ ಅಗೆತ ಸೇರುವುದಿಲ್ಲ, ಬೇಕಿದ್ದರೆ ಬೇರೆಯಾಗಿ ಹೇಳಬೇಕು.

ಬಾಯಿಮಾತಿನ ಒಪ್ಪಂದಕ್ಕೆ ಇಲ್ಲಿ ಬೆಲೆಯಿಲ್ಲ; ವಾಸದ ಮನೆಯ ಕರಾರು ಬರವಣಿಗೆಯಲ್ಲೇ ಆಗಬೇಕು. ಇಬ್ಬರೂ ಸಹಿ ಹಾಕಿದ ಪ್ರತಿ ಕೈಸೇರಿದ ಮರುದಿನದಿಂದ ಮೂರು ದಿನ ಕಾರಣ ಕೊಡದೆ ಹಿಂದೆ ಸರಿಯಬಹುದು, ಅದರಲ್ಲಿ ಎರಡಾದರೂ ರಜೆಯಲ್ಲದ ದಿನವಾಗಿರಬೇಕು. ಆಮೇಲೆ ಷರತ್ತಿನ ಹೊರಗೆ ಬಿಟ್ಟರೆ ಬೆಲೆಯ 10 ಶೇಕಡಾ ದಂಡ. ಅಷ್ಟೇ ಮೊತ್ತದ ಠೇವಣಿ ಅಥವಾ ಬ್ಯಾಂಕ್ ಖಾತರಿಯನ್ನು ಕೆಲವು ವಾರದಲ್ಲಿ ಕೊಡಬೇಕು. ಸಾಲ ಸಿಗದಿದ್ದರೆ ನಿರಾಕರಣೆಯ ಪತ್ರವನ್ನು ಗಡುವಿನೊಳಗೆ ತಲುಪಿಸಬೇಕು, ಒಂದು ದಿನ ತಪ್ಪಿದರೂ ಹಕ್ಕು ಹೋಯಿತು.

ನೋಟರಿ ಮತ್ತು ಬೀಗದ ಕೈ

ಇಲ್ಲಿನ ನೋಟರಿಯ ಕೆಲಸ ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹತ್ತಿರ. ಋಣಭಾರ ಪರಿಶೀಲಿಸಿ, ಕ್ರಯಪತ್ರ ಮತ್ತು ಅಡಮಾನ ಪತ್ರ ಬರೆದು, ಹಣ ಹಿಡಿದಿಟ್ಟು, ಕಡಾಸ್ಟರ್ ಎಂಬ ಭೂದಾಖಲೆ ಕಚೇರಿಯಲ್ಲಿ ನೋಂದಾಯಿಸುವುದು ಅವರೇ. ‘ಕೆ.ಕೆ.’ ಎಂದು ಬೆಲೆಯ ಪಕ್ಕ ಬರೆದಿದ್ದರೆ ಖರ್ಚು ಕೊಳ್ಳುವವರದು, ನೋಟರಿಯನ್ನು ಆರಿಸುವ ಹಕ್ಕೂ ಸಾಮಾನ್ಯವಾಗಿ ನಿಮ್ಮದೇ. ಡಚ್ ಚೆನ್ನಾಗಿ ಬಾರದವರಿಗೆ ಪ್ರಮಾಣಿತ ದುಭಾಷಿ ಬೇಕಾಗುತ್ತದೆ, ಅದಕ್ಕೆ ಕೆಲವು ನೂರು ಯೂರೋ. ಮದುವೆ ಎಲ್ಲಿ ಆಯಿತು, ಆದಮೇಲೆ ಮೊದಲು ಯಾವ ದೇಶದಲ್ಲಿ ಸಂಸಾರ ಹೂಡಿದಿರಿ ಎಂದೂ ಕೇಳುತ್ತಾರೆ. ಆಸ್ತಿ ಇಬ್ಬರಿಗೂ ಹೇಗೆ ಸೇರುತ್ತದೆ ಎಂಬುದು ಅದರ ಮೇಲೆ ನಿಂತಿದೆ.

ಸಹಿಯ ದಿನ, ನೋಟರಿ ಕಚೇರಿಗೆ ಹೋಗುವ ಮೊದಲು ಮನೆಯನ್ನು ಕೊನೆಯ ಬಾರಿ ನೋಡಿ. ಎಲ್ಲ ನಲ್ಲಿ ಬಿಟ್ಟು, ಹೀಟರ್ ಹಚ್ಚಿ, ಕಿಟಕಿಗಳನ್ನು ತೆರೆದು ಮುಚ್ಚಿ, ಬಿಟ್ಟುಹೋಗುತ್ತೇವೆ ಎಂದ ವಸ್ತುಗಳ ಪಟ್ಟಿ ತಾಳೆ ನೋಡಿ, ಮೀಟರುಗಳ ಫೋಟೋ ತೆಗೆಯಿರಿ. ಏನಾದರೂ ಕೆಟ್ಟಿದ್ದರೆ ಸಹಿಗೆ ಮೊದಲೇ ಬರೆಸಿಕೊಳ್ಳಿ. ಕಟ್ಟಡ ವಿಮೆ ಅದೇ ದಿನದಿಂದ ಜಾರಿಯಲ್ಲಿರಬೇಕು.

ಬಾಡಿಗೆ ಮನೆಯನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳಲು ಸಾಧ್ಯವಾದರೆ ಇಟ್ಟುಕೊಳ್ಳಿ. ಬೀಗದ ಸಿಲಿಂಡರ್ ಬದಲಿಸಿ, ಸೀಸದ ಪೈಪು ಮತ್ತು ಆಸ್ಬೆಸ್ಟಾಸ್ ತೆಗೆಸಿ, ವೈರಿಂಗ್ ಮುಗಿಸಿ, ನೆಲದಡಿಯ ಮತ್ತು ಗೋಡೆಯ ಸಂದಿನ ಶಾಖನಿರೋಧಕ ಹಾಕಿಸಿ. ಎರಡು ಕೆಲಸ ಒಟ್ಟಿಗೆ ಮಾಡಿಸಿದರೆ ಸರ್ಕಾರದ ಐಎಸ್‌ಡಿಇ ಸಹಾಯಧನದ ದರ ಇಮ್ಮಡಿ, ಆದರೆ ಕೆಲಸ ಕಂಪನಿಯವರಿಂದಲೇ ಆಗಿರಬೇಕು, ಬಿಲ್ಲು ಮತ್ತು ಫೋಟೋ ಇರಬೇಕು. ಗೋಡೆಯ ಸಂದಿನಲ್ಲಿ ಬಾವಲಿಗಳು ವಾಸಿಸುವುದುಂಟು, ಅದನ್ನು ಪರಿಶೀಲಿಸುವ ನಿಯಮ ಗೊತ್ತಿರುವ ಗುತ್ತಿಗೆದಾರರನ್ನೇ ಹಿಡಿಯಿರಿ. ಗೋಡೆಗೆ ಬಣ್ಣ ಆಮೇಲೆ, ಹೊಸ ನೆಲಹಾಸು ಎಲ್ಲಕ್ಕಿಂತ ಕೊನೆಗೆ. ಹಾಸುವಾಗ ಮುಂಬಾಗಿಲ ಬಳಿಯ ಆ ಮುಚ್ಚಳವನ್ನು ಮಾತ್ರ ತೆರೆಯುವಂತೆ ಬಿಡಿಸಿ.